ಮಲೆನಾಡಿನ ಮಳೆಗೆ ವ್ಯಾನ್ ಅಡುಗೆಮನೆ: ಯಾವ ಉಪಕರಣ ಬೇಕು, ಯಾವುದು ಬೇಡ

ಟೆಂಪೋ ಟ್ರಾವೆಲರ್‌ನಲ್ಲೋ ಹಳೇ ಓಮ್ನಿಯಲ್ಲೋ ಹಾಸಿಗೆ ಹಾಕಿ, ಪುಟ್ಟ ಅಡುಗೆಕಟ್ಟೆ ಕೂರಿಸಿಕೊಂಡು ತಿರುಗುವವರು ಈಗ ಆಗುಂಬೆ, ಜೋಗ, ಕೊಡಚಾದ್ರಿ ದಾರಿಯಲ್ಲಿ ಆಗಾಗ ಕಾಣುತ್ತಾರೆ. ವ್ಯಾನ್ ಸಿದ್ಧ ಮಾಡುವಾಗ ಎಲ್ಲರಿಗೂ ಬರುವ ಪ್ರಶ್ನೆಗಳು ಒಂದೇ. ಇಂಡಕ್ಷನ್ ತಗೊಳ್ಳೋದಾ, ಗ್ಯಾಸಾ? ರೈಸ್ ಕುಕ್ಕರ್ ಬೇಕಾ? ಬ್ಯಾಟರಿ ಮೇಲೆ ಮಿಕ್ಸಿ ನಡೆಯುತ್ತಾ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿ ಮಾಡುವ ಕೆಲಸವನ್ನು ಗ್ಯಾಸಿಗೆ ಬಿಡಿ. ತಿರುಗುವ ಕೆಲಸವನ್ನು ಬ್ಯಾಟರಿಗೆ ಕೊಡಿ. ಒಮ್ಮೆ ಬಿಸಿಯಾದದ್ದು ಆರದ ಹಾಗೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಬಯಲುಸೀಮೆಗೆ ಹೋಗುವವರಿಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಆದರೆ ಮಲೆನಾಡಿಗೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರಿಗೆ ಇದು ಬೇಕೇ ಬೇಕು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಲೆಕ್ಕ ಕಷ್ಟದ್ದಲ್ಲ.

ವ್ಯಾಟ್ ಬೇರೆ, ವ್ಯಾಟ್ ಅವರ್ ಬೇರೆ

ಪೆಟ್ಟಿಗೆಯ ಮೇಲೆ ವ್ಯಾಟ್ ಬರೆದಿರುತ್ತದೆ. ಆ ಕ್ಷಣದಲ್ಲಿ ಉಪಕರಣ ಎಷ್ಟು ಜೋರಾಗಿ ಕರೆಂಟು ಎಳೆಯುತ್ತದೆ ಅನ್ನುವುದನ್ನು ಅದು ಹೇಳುತ್ತದೆ. ಎಷ್ಟು ಹೊತ್ತು ಎಳೆಯುತ್ತದೆ ಅನ್ನುವುದನ್ನೂ ಸೇರಿಸಿದರೆ ವ್ಯಾಟ್ ಅವರ್ ಸಿಗುತ್ತದೆ. ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 1000 ವ್ಯಾಟ್ ಅವರ್. ಬ್ಯಾಟರಿ ಎಷ್ಟು ಖಾಲಿಯಾಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಈ ಎರಡನೆಯ ಅಂಕಿ. ಬ್ಯಾಟರಿ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ ಮತ್ತು ತಂತಿ ತಡೆಯುತ್ತವಾ ಅನ್ನುವುದನ್ನು ತೀರ್ಮಾನಿಸುವುದು ಮೊದಲನೆಯದು. ಎರಡನ್ನೂ ನೋಡಬೇಕು.

500 ವ್ಯಾಟಿನ ಮಿಕ್ಸಿಯಲ್ಲಿ ಚಟ್ನಿ ರುಬ್ಬಲು ಎರಡು ನಿಮಿಷ ಸಾಕು. ಖರ್ಚಾಗುವುದು ಸುಮಾರು 17 ವ್ಯಾಟ್ ಅವರ್. 400 ವ್ಯಾಟಿನ ಪುಟ್ಟ ರೈಸ್ ಕುಕ್ಕರ್ ನೋಡಲು ಮಿಕ್ಸಿಗಿಂತ ಸಾಧು. ಆದರೆ ಅನ್ನ ಆಗಲು 25 ನಿಮಿಷ ಬೇಕು. ಅಲ್ಲಿಗೆ 165 ವ್ಯಾಟ್ ಅವರ್ ಹೋಯಿತು, ಅಂದರೆ ಮಿಕ್ಸಿಯ ಹತ್ತು ಪಟ್ಟು. ಗದ್ದಲ ಮಾಡುವ ಮಿಕ್ಸಿ ಬ್ಯಾಟರಿಗೆ ಭಾರವಲ್ಲ. ಸದ್ದಿಲ್ಲದೆ ಕೂತು ಬಿಸಿ ಮಾಡುವ ಕುಕ್ಕರೇ ಭಾರ.

ನೀರಿನ ಲೆಕ್ಕವನ್ನೂ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ವ್ಯಾಟ್ ಅವರ್ ಬೇಕು. 22 ಡಿಗ್ರಿಯ ನೀರು 98 ಡಿಗ್ರಿಗೆ ಏರಬೇಕಾದರೆ ಸುಮಾರು 88. ಕೆಟಲ್‌ನಲ್ಲಿ ಸ್ವಲ್ಪ ಬಿಸಿ ಸೋರುತ್ತದೆ, ಹಾಗಾಗಿ 100 ಅಂತ ಇಟ್ಟುಕೊಳ್ಳಿ. ಬೆಲೆ ಜಾಸ್ತಿ ಇರುವ ಕೆಟಲ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ. ಇದು ನೀರಿನ ಗುಣ, ಕಂಪನಿಯದಲ್ಲ.

ಈಗ ಬ್ಯಾಟರಿ. ಮನೆಯ ಯುಪಿಎಸ್‌ಗೆ ಹಾಕುವ 12 ವೋಲ್ಟ್, 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ ಇವೆರಡನ್ನು ಗುಣಿಸಿದಷ್ಟು, ಅಂದರೆ 1800 ವ್ಯಾಟ್ ಅವರ್ ಇರುತ್ತದೆ. ಇಂಥ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಆದ್ದರಿಂದ ಬಳಕೆಗೆ 900. ಇನ್ವರ್ಟರ್ ತನ್ನ ಪಾಲು ತಿಂದ ಮೇಲೆ ಕೈಗೆ ಬರುವುದು 750ರ ಆಸುಪಾಸು. ತೂಕವಂತೂ 50 ಕೆಜಿ ಮೀರುತ್ತದೆ. 12.8 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ಇರುತ್ತದೆ. ಅದನ್ನು ಶೇಕಡಾ 80ರವರೆಗೆ ಧೈರ್ಯವಾಗಿ ಬಳಸಬಹುದು. ಇನ್ವರ್ಟರ್ ದಾಟಿ 900 ಸಿಗುತ್ತದೆ. ತೂಕ ಹನ್ನೆರಡು ಕೆಜಿ ಇದ್ದರೆ ಹೆಚ್ಚು. ಬೆಲೆ ಜಾಸ್ತಿ, ನಿಜ. ಆದರೆ ಘಾಟಿ ಹತ್ತುವ ಗಾಡಿಗೆ ಆ ತೂಕದ ವ್ಯತ್ಯಾಸವೂ ದುಡ್ಡೇ.

ಈ 900ರಲ್ಲಿ ಅಡುಗೆಮನೆಗೆ ಎಷ್ಟು? ದೀಪ, ಫ್ಯಾನು, ಫೋನುಗಳಿಗೆ 150 ಹೋಗುತ್ತದೆ. 40 ಲೀಟರಿನ 12 ವೋಲ್ಟ್ ಫ್ರಿಜ್ ಇದ್ದರೆ ದಿನಕ್ಕೆ ಇನ್ನೂ 300ರಿಂದ 400. ಉಳಿದದ್ದು 350ರಿಂದ 450. ಇಬ್ಬರ ಒಂದು ದಿನದ ಅಡುಗೆಯನ್ನೆಲ್ಲ ಕರೆಂಟಿನಲ್ಲೇ ಮಾಡಿದರೆ, ಎರಡು ಹೊತ್ತು ಕಾಫಿ, ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಕುಡಿಯಲು ಎರಡು ಲೀಟರ್ ಬಿಸಿನೀರು, ರಾತ್ರಿ ಗಂಜಿ, ಹೇಗೆ ಬಿಗಿ ಹಿಡಿದರೂ 1000 ದಾಟುತ್ತದೆ. ಸ್ನಾನದ ನೀರಂತೂ ಕೇಳಲೇಬೇಡಿ. 15 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಏರಿಸಲು 350 ವ್ಯಾಟ್ ಅವರ್ ಬೇಕು.

ಸೂರ್ಯ ರಜೆ ಹಾಕಿದಾಗ

ಸೋಲಾರ್ ಇದೆಯಲ್ಲ ಅನ್ನಬಹುದು. ಒಳ್ಳೆಯ ಬಿಸಿಲಿನ ದಿನ 200 ವ್ಯಾಟಿನ ಪ್ಯಾನೆಲ್ 600ರಿಂದ 700 ವ್ಯಾಟ್ ಅವರ್ ಕೊಡುತ್ತದೆ. ಫೆಬ್ರವರಿಯಲ್ಲಿ ಶಿವಮೊಗ್ಗದ ಬಯಲಿನಲ್ಲಿ ನಿಂತರೆ ಇದು ಸಿಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಆ ನಾಲ್ಕು ತಿಂಗಳಲ್ಲಿ. ಆಷಾಢದ ಮೋಡ ಕವಿದ ದಿನ ಅದೇ ಪ್ಯಾನೆಲ್‌ನಿಂದ ಐದನೇ ಒಂದು ಪಾಲು ಸಿಕ್ಕರೂ ದೊಡ್ಡದು. ಇನ್ನೊಂದು ವಿಷಯ ಎಲ್ಲ ಕಾಲಕ್ಕೂ ಸಲ್ಲುತ್ತದೆ. ನಮ್ಮ ಕಡೆ ಗಾಡಿ ನಿಲ್ಲಿಸುವ ಜಾಗ ಅಂದರೆ ಮರದ ನೆರಳು ಅಥವಾ ಅಡಿಕೆ ತೋಟದ ಅಂಚು. ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಇಳುವರಿ ಆ ಮೂಲೆಯಷ್ಟೇ ಕಡಿಮೆಯಾಗುವುದಿಲ್ಲ, ತುಂಬಾ ಕುಸಿಯುತ್ತದೆ. ಒಳಗಿನ ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುವುದೇ ಕಾರಣ.

ಗಾಡಿ ಓಡುವಾಗ ಎಂಜಿನ್ ಜತೆ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್‌ನಿಂದ ಚಾರ್ಜ್ ಮಾಡಿಕೊಳ್ಳುವುದು ಮಳೆಗಾಲದಲ್ಲಿ ನಂಬಬಹುದಾದ ದಾರಿ. ನಡುವೆ, ಆ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಮಾಡಿ ಕೊಡುವ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಗಂಟೆಗೆ ಸುಮಾರು 380 ವ್ಯಾಟ್ ಅವರ್ ತುಂಬುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಎರಡೂವರೆ ಗಂಟೆ ನಿಧಾನವಾಗಿ ಬಂದರೆ 900 ಸೇರಿತು. ಚೆನ್ನಾಗಿದೆ. ಆದರೆ ಆಗುಂಬೆಗೆ ಬಂದವರು ಮಳೆ ನೋಡುತ್ತಾ ಎರಡು ದಿನ ಅಲ್ಲೇ ಉಳಿಯುತ್ತಾರೆ. ಗಾಡಿ ಓಡುವುದಿಲ್ಲ, ಸೂರ್ಯ ಕಾಣುವುದಿಲ್ಲ. ಎರಡನೇ ದಿನ ಸಂಜೆ ಇಂಡಕ್ಷನ್ ಮುಂದೆ ಕೂತವರ ಪಾಡು ಏನಾಗಬಹುದು, ಊಹಿಸಿ. ಮಲೆನಾಡಿಗೆ ಅಡುಗೆಮನೆ ಕಟ್ಟುವವರು ಈ ಎರಡನೇ ದಿನ ಸಂಜೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಸಾಮಾನು ಕೊಳ್ಳಬೇಕು.

ಗ್ಯಾಸಿನ ಶಕ್ತಿ, ಗ್ಯಾಸಿನ ತೇವ

ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್‌ನಷ್ಟು ಶಕ್ತಿ ಇದೆ. ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುವ 5 ಕೆಜಿಯ ‘ಛೋಟು’ ಥರದ ಸಿಲಿಂಡರ್ ತೆಗೆದುಕೊಳ್ಳಿ. ಗುರುತಿನ ಚೀಟಿ ತೋರಿಸಿದರೆ ಕೊಡುತ್ತಾರೆ, ಮನೆ ಕನೆಕ್ಷನ್ ಬೇಕಿಲ್ಲ. ಅದರಲ್ಲಿ 64 ಯೂನಿಟ್ ಇರುತ್ತದೆ. ಗಾಳಿಗೆ ಉರಿ ಅಲ್ಲಾಡಿ ಅರ್ಧ ಬಿಸಿ ಪಾತ್ರೆಯ ಪಕ್ಕದಿಂದ ಹಾರಿಹೋಯಿತು ಅಂದುಕೊಂಡರೂ 32 ಯೂನಿಟ್ ಪಾತ್ರೆಗೆ ಸೇರುತ್ತದೆ. ಅಷ್ಟನ್ನು ಬ್ಯಾಟರಿಯಲ್ಲಿ ಹೊರಬೇಕಾದರೆ ಮೇಲೆ ಹೇಳಿದ ಲಿಥಿಯಂ ಬ್ಯಾಟರಿ ಮೂವತ್ತಕ್ಕೂ ಹೆಚ್ಚು ಬೇಕು. ಛೋಟು ತೂಗುವುದು ಹನ್ನೊಂದು ಕೆಜಿಯ ಆಸುಪಾಸು. ಒಂದು ಲೀಟರ್ ನೀರು ಕುದಿಯಲು 14 ಗ್ರಾಂ ಗ್ಯಾಸ್ ಸಾಕು. ಇಬ್ಬರು ಮೂರು ಹೊತ್ತು ಬೇಯಿಸಿಕೊಂಡರೂ ಸಿಲಿಂಡರ್ ಮೂರು ವಾರಕ್ಕೆ ಮೋಸ ಮಾಡುವುದಿಲ್ಲ.

ಎರಡು ದಿನದ ಪ್ರವಾಸಕ್ಕಾದರೆ ಬ್ಯೂಟೇನ್ ಕ್ಯಾನ್ ಹಾಕುವ ಸೂಟ್‌ಕೇಸ್ ಥರದ ಒಲೆ ಸಾಕು. 225 ಗ್ರಾಂನ ಒಂದು ಕ್ಯಾನ್‌ನಲ್ಲಿ ಹದಿನೈದು ಲೀಟರ್‌ನಷ್ಟು ನೀರು ಕುದಿಸಬಹುದು. ಒಂದೇ ಎಚ್ಚರ: ಕ್ಯಾನ್ ಇರುವ ಕಡೆಗೂ ಚಾಚುವಂಥ ದೊಡ್ಡ ಕಾವಲಿಯನ್ನು ಅದರ ಮೇಲೆ ಇಡಬಾರದು. ಕಾವಲಿಯ ಬಿಸಿ ಕ್ಯಾನ್‌ಗೆ ಹೊಡೆದರೆ ಒಳಗಿನ ಒತ್ತಡ ಏರಿ ಸ್ಫೋಟವಾಗಬಹುದು. ಅಕ್ಕಿರೊಟ್ಟಿ ಮಾಡುವವರು ಇದನ್ನು ಗಮನಿಸಲೇಬೇಕು, ನಮ್ಮ ರೊಟ್ಟಿ ಕಾವಲಿಗಳು ಅಗಲ.

ಗ್ಯಾಸಿನ ಬಗ್ಗೆ ಅಪಾಯದ ಮಾತು ಎಲ್ಲರೂ ಹೇಳುತ್ತಾರೆ, ಆದರೆ ಕಾರಣ ಬಿಡಿಸಿ ಹೇಳುವವರು ಕಡಿಮೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹಬ್ಬಿ ನಿಲ್ಲುತ್ತದೆ. ಮನೆಯಲ್ಲಿ ಬಾಗಿಲ ಸಂದಿಯಿಂದ ಹೊರಗೆ ಹರಿಯಬಹುದು. ವ್ಯಾನಿನ ನೆಲ ಮುಚ್ಚಿದ ತೊಟ್ಟಿ ಇದ್ದ ಹಾಗೆ. ಅದಕ್ಕೇ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಬೇಕು, ಆ ಗೂಡು ಒಳಗಿನ ಕೋಣೆಗೆ ತೆರೆದುಕೊಂಡಿರಬಾರದು. ಗ್ಯಾಸ್ ಸೋರಿಕೆ ಎಚ್ಚರಿಸುವ ಅಲಾರಂ ಇಡುವುದಾದರೆ ನೆಲದ ಹತ್ತಿರ ಇಡಿ. ಗಾಡಿ ಹೊರಡುವ ಮೊದಲು ರೆಗ್ಯುಲೇಟರ್ ಮುಚ್ಚಿ. ಉಕ್ಕಿನ ತಂತಿ ಒಳಗಿರುವ ಸುರಕ್ಷಾ ಪೈಪನ್ನೇ ಹಾಕಿ, 5 ವರ್ಷಕ್ಕೊಮ್ಮೆ ಬದಲಿಸಿ. ಸೀಟು ತೆಗೆದು ಗ್ಯಾಸ್, ವೈರಿಂಗ್ ಕೂರಿಸುವುದು ಗಾಡಿಯ ನೋಂದಣಿ ವಿವರವನ್ನೇ ಬದಲಿಸುವ ಕೆಲಸ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಬಿಡಿ ಒಲೆಯನ್ನು ಹೊರಗಿಟ್ಟು ಬಳಸುವವರಿಗೆ ಈ ತಾಪತ್ರಯ ಇಲ್ಲ.

ಮಲೆನಾಡಿಗೇ ವಿಶೇಷವಾದ ತೊಂದರೆ ಇನ್ನೊಂದಿದೆ. ಗ್ಯಾಸ್ ಉರಿದಾಗ ನೀರು ಹುಟ್ಟುತ್ತದೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 1.6 ಕೆಜಿ ನೀರಾವಿ. ಇಬ್ಬರ ದಿನದ ಅಡುಗೆಗೆ ಬೇಕಾಗುವ ಗ್ಯಾಸಿನಿಂದಲೇ ಕಾಲು ಲೀಟರಿಗೂ ಮೇಲೆ ನೀರು ವ್ಯಾನಿನ ಗಾಳಿಗೆ ಸೇರುತ್ತದೆ. ಸಾರು ಕುದಿದ ಹಬೆ ಬೇರೆ, ನಮ್ಮ ಉಸಿರಿನದ್ದು ಬೇರೆ. ಹೊರಗಿನ ಗಾಳಿ ಮೊದಲೇ ತೇವದಿಂದ ತುಂಬಿರುವಾಗ ಇದೆಲ್ಲ ಹೋಗುವುದಾದರೂ ಎಲ್ಲಿಗೆ? ತಣ್ಣಗಿನ ತಗಡಿನ ಗೋಡೆಯ ಮೇಲೆ ಹನಿಯಾಗಿ ಇಳಿದು ಹಾಸಿಗೆಯ ಕೆಳಗೆ ಸೇರುತ್ತದೆ. ಮೂರು ದಿನಕ್ಕೆ ಬೂಸಲು. ಆದ್ದರಿಂದ ಕಡುಬು, ಇಡ್ಲಿಯಂಥ ಇಪ್ಪತ್ತು ನಿಮಿಷ ಹಬೆ ಬಿಡುವ ಅಡುಗೆಯನ್ನು ವ್ಯಾನಿನ ಒಳಗೆ ಮಾಡಬೇಡಿ. ಬಾಗಿಲ ಹೊರಗೆ ತಾಡಪಾಲು ಕಟ್ಟಿ, ಅದರ ಕೆಳಗೆ ಮಾಡಿ. ಅದೂ ಆಗದ ದಿನ ಬೇರೆ ಏನಾದರೂ ತಿನ್ನಿ. ಒಳಗೇ ಒಲೆ ಹಚ್ಚಬೇಕಾದರೆ ಮೇಲೊಂದು ಕೆಳಗೊಂದು ಕಿಂಡಿ ತೆರೆದಿರಲಿ, ಚಾವಣಿಯ 12 ವೋಲ್ಟ್ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಲಿ. ಮಳೆ ಒಳಗೆ ಬರುತ್ತದೆ ಅಂತ ಎಲ್ಲ ಮುಚ್ಚಿ ಒಲೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಚಳಿ ಕಾಯಿಸಲು ಗ್ಯಾಸ್ ಒಲೆ ಹಚ್ಚುವುದಂತೂ ಯಾವತ್ತೂ ಬೇಡ.

ಸೌದೆ ಒಲೆಯ ಆಸೆ ಕೆಲವರಿಗೆ ಇರುತ್ತದೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವಂತಿಲ್ಲ. ಮಳೆಗಾಲದಲ್ಲಿ ಒಣ ಸೌದೆಯೂ ಸಿಗುವುದಿಲ್ಲ. ಅದನ್ನು ಅಲ್ಲಿಗೇ ಬಿಡೋಣ.

ಪ್ರೆಶರ್ ಕುಕ್ಕರ್ ಮತ್ತು ಬಿಸಿ ಹಿಡಿಯುವ ಪಾತ್ರೆ

ಒಂದೇ ಒಂದು ಸಾಮಾನು ಕೊಳ್ಳಲು ದುಡ್ಡಿದ್ದರೆ ಒಳ್ಳೆಯ ಪ್ರೆಶರ್ ಕುಕ್ಕರ್ ಕೊಳ್ಳಿ ಅನ್ನುತ್ತೇನೆ. ಎತ್ತರ ಏರಿದ ಹಾಗೆ ನೀರು ಬೇಗ ಕುದಿಯುತ್ತದೆ, ಅಂದರೆ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಪ್ರತಿ 300 ಮೀಟರ್‌ಗೆ ಹೆಚ್ಚೂಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಲ್ಲಿ ನೀರು ಸುಮಾರು 95.5 ಡಿಗ್ರಿಗೆ ಕುದಿಯುತ್ತದೆ. 1930 ಮೀಟರ್‌ನ ಮುಳ್ಳಯ್ಯನಗಿರಿಯಲ್ಲಿ 93.5. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಅಲ್ಲಿ ಬೇಯುತ್ತಲೇ ಇರುತ್ತದೆ, ಗ್ಯಾಸ್ ಉರಿಯುತ್ತಲೇ ಇರುತ್ತದೆ. ಕುಕ್ಕರ್ ಒಳಗೆ ಒತ್ತಡ ಕಟ್ಟುವುದರಿಂದ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಬೇಳೆ ಹತ್ತು ನಿಮಿಷದಲ್ಲಿ ಆಯಿತು. ಹಬೆಯೂ ಕಡಿಮೆ ಹೊರಬರುತ್ತದೆ, ಅದು ನಮ್ಮ ಗೋಡೆಗೆ ಒಳ್ಳೆಯದು.

ಇಬ್ಬರಿಗೆ 3 ಲೀಟರ್ ಸಾಕು. ಒಳಗೆ ಎರಡು ಡಬ್ಬಿ ಕೂರಿಸಿದರೆ ಅನ್ನ, ಬೇಳೆ ಒಟ್ಟಿಗೇ ಆಗುತ್ತವೆ. ಒಂಟಿಯಾಗಿ ತಿರುಗುವವರಿಗೆ ಒಂದೂವರೆ ಲೀಟರಿನದೇ ಸರಿ. ತಳದಲ್ಲಿ ಅಯಸ್ಕಾಂತ ಹಿಡಿಯುವ ಸ್ಟೀಲ್ ಕುಕ್ಕರ್ ತೆಗೆದುಕೊಂಡರೆ ಮುಂದೆ ಇಂಡಕ್ಷನ್‌ಗೂ ಆಗುತ್ತದೆ. ಬರೀ ಅಲ್ಯೂಮಿನಿಯಂ ಇಂಡಕ್ಷನ್ ಮೇಲೆ ಬಿಸಿಯಾಗುವುದಿಲ್ಲ. ಕುಕ್ಕರ್ ಮೇಲೆ ಐಎಸ್‌ 2347, ಗ್ಯಾಸ್ ಒಲೆ ಮೇಲೆ ಐಎಸ್‌ 4246 ಎಂಬ ಸಂಖ್ಯೆಯ ಜತೆ ಐಎಸ್‌ಐ ಗುರುತು ಇದೆಯಾ ನೋಡಿ. ಪುಟ್ಟ ಕ್ಯಾಂಪಿಂಗ್ ಒಲೆಗಳಲ್ಲಿ ಹಲವಕ್ಕೆ ಇದು ಇರುವುದಿಲ್ಲ.

ಕುಚ್ಚಲಕ್ಕಿ ಉಣ್ಣುವವರಿಗೆ ಇನ್ನೊಂದು ಸೊಗಸಾದ ದಾರಿ ಇದೆ. ಕರಾವಳಿಯ ಮನೆಗಳಲ್ಲಿ ಬಳಸುವ ಥರ್ಮಲ್ ಕುಕ್ಕರ್ ನೋಡಿರಬಹುದು. ಒಳಗೊಂದು ಸ್ಟೀಲ್ ಪಾತ್ರೆ, ಹೊರಗೆ ಬಿಸಿ ಬಿಡದ ದಪ್ಪ ಡಬ್ಬ. ಅಕ್ಕಿಯನ್ನು ಒಲೆಯ ಮೇಲೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಡಬ್ಬದೊಳಗೆ ಇಳಿಸಿ ಮುಚ್ಚಿಬಿಡುವುದು. ಮುಂದಿನ ಒಂದು ಒಂದೂವರೆ ಗಂಟೆ ಅದರ ಬಿಸಿಯಲ್ಲೇ ಬೇಯುತ್ತದೆ. ಕರೆಂಟು ಬೇಡ, ಗ್ಯಾಸು ಬೇಡ, ಹಬೆಯೂ ಇಲ್ಲ. ಪ್ರಯಾಣಕ್ಕೆ ಇದರಷ್ಟು ಹೊಂದುವ ಪಾತ್ರೆ ಇನ್ನೊಂದಿಲ್ಲ. ಬೆಳಗ್ಗೆ ತೀರ್ಥಹಳ್ಳಿಯಲ್ಲಿ ಕುದಿಸಿ ಮುಚ್ಚಿಟ್ಟು, ಭದ್ರವಾಗಿ ಕಟ್ಟಿ ಹೊರಟರೆ ಸಾಗರ ಮುಟ್ಟುವ ಹೊತ್ತಿಗೆ ಅನ್ನ ರೆಡಿ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು, ಇಲ್ಲದಿದ್ದರೆ ಬಿಸಿ ಬೇಗ ಆರುತ್ತದೆ. 60 ಡಿಗ್ರಿಗಿಂತ ಕೆಳಗಿಳಿದ ಅನ್ನವನ್ನು ಗಂಟೆಗಟ್ಟಲೆ ಹಾಗೇ ಇಡಬಾರದು. ಅಕ್ಕಿ, ಹೆಸರುಕಾಳನ್ನು ರಾತ್ರಿಯೇ ನೆನೆಸಿಟ್ಟರೆ ಇನ್ನೂ ಬೇಗ ಬೇಯುತ್ತವೆ.

ಮಿಕ್ಸಿ ಬೇಕು

ಇಲ್ಲಿ ನಾನು ಹಟ ಹಿಡಿಯುತ್ತೇನೆ. ವ್ಯಾನ್ ಸಿದ್ಧ ಮಾಡುವ ಎಷ್ಟೋ ಜನ ಮಿಕ್ಸಿ ದಂಡ ಅಂತ ಬಿಟ್ಟು, ಕೆಟಲ್ ಮತ್ತು ಟೋಸ್ಟರ್ ತುಂಬಿಕೊಳ್ಳುತ್ತಾರೆ. ನಮ್ಮ ಊಟಕ್ಕೆ ಅದು ತಿರುಗುಮುರುಗು. ಮಿಕ್ಸಿ ಇದ್ದರೆ ಒಲೆ ಹೆಚ್ಚು ಹೊತ್ತು ಉರಿಸದೆ ಎಷ್ಟೊಂದು ಮಾಡಬಹುದು. ಒಂದೆಲಗ, ದೊಡ್ಡಪತ್ರೆ ಸೊಪ್ಪನ್ನು ಕಾಯಿ, ಜೀರಿಗೆ ಜತೆ ರುಬ್ಬಿ ಮಜ್ಜಿಗೆಗೆ ಹಾಕಿದರೆ ತಂಬುಳಿ. ಮಾವಿನಕಾಯಿ ಬೇಯಿಸಿ ಕಿವುಚಿದರೆ ಅಪ್ಪೆಹುಳಿ. ಜತೆಗೆ ಮಿಡಿ ಉಪ್ಪಿನಕಾಯಿ, ಥರ್ಮಲ್ ಕುಕ್ಕರಿನ ಅನ್ನ. ಎರಡು ಹೊತ್ತಿನ ಊಟಕ್ಕೆ ಬ್ಯಾಟರಿಯಿಂದ ಹೋದದ್ದು 30 ವ್ಯಾಟ್ ಅವರ್. ಮಲೆನಾಡಿನ ಅಡುಗೆ ವ್ಯಾನಿಗೆ ಹೇಳಿ ಮಾಡಿಸಿದ್ದು ಅನ್ನುವುದು ನನ್ನ ನಂಬಿಕೆ.

500 ವ್ಯಾಟ್, ಎರಡು ಜಾರ್ ಇರುವ ಸಾಧಾರಣ ಮಿಕ್ಸಿ ಸಾಕು. 750 ವ್ಯಾಟಿನದು ಅರೆಯುವುದು ಚುರುಕು, ಆದರೆ ಇನ್ವರ್ಟರ್ ದೊಡ್ಡದು ಬೇಕಾಗುತ್ತದೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಬರೆದ ವ್ಯಾಟಿನ ಎರಡು ಮೂರು ಪಟ್ಟು ಎಳೆಯುತ್ತದೆ. ಆದ್ದರಿಂದ 500 ವ್ಯಾಟಿನ ಮಿಕ್ಸಿಗೂ 1000 ವ್ಯಾಟಿಗೆ ಕಡಿಮೆಯ ಇನ್ವರ್ಟರ್ ಬೇಡ. ಅದು ಪ್ಯೂರ್ ಸೈನ್ ವೇವ್, ಅಂದರೆ ಮನೆಯ ಕರೆಂಟಿನಂಥದೇ ನಯವಾದ ಅಲೆ ಕೊಡುವಂಥದು ಆಗಿರಲಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಮೋಟರ್ ಗುಂಯ್ ಅನ್ನುತ್ತಾ ಬಿಸಿಯಾಗುತ್ತದೆ, ಇಂಡಕ್ಷನ್ ಒಲೆಯಂತೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಯುಎಸ್‌ಬಿಯಿಂದ ಚಾರ್ಜ್ ಆಗುವ ಪುಟ್ಟ ಚಾಪರ್‌ಗಳು ಈರುಳ್ಳಿ, ಶುಂಠಿಗೆ ಪರವಾಗಿಲ್ಲ. ಒಣ ಕೊಬ್ಬರಿ ಹಾಕಿದರೆ ಕೈಚೆಲ್ಲುತ್ತವೆ. ಇನ್ನೊಂದು ಮಾತು: ಹೋಮ್‌ಸ್ಟೇ ಅಂಗಳದಲ್ಲಿ ಬೆಳಗಿನ ಜಾವ ಮಿಕ್ಸಿ ಹಾಕಬೇಡಿ. ಚಟ್ನಿಯನ್ನು ಹಿಂದಿನ ಸಂಜೆ ರುಬ್ಬಿಟ್ಟುಕೊಳ್ಳಬಹುದು, ಅಲ್ವಾ?

ಇಂಡಕ್ಷನ್, ಕೆಟಲ್, ಉಳಿದವು

ಇಂಡಕ್ಷನ್ ಕೆಟ್ಟದ್ದಲ್ಲ. ಬಿಸಿ ಪಾತ್ರೆಯಲ್ಲೇ ಹುಟ್ಟುವುದರಿಂದ ವ್ಯರ್ಥವಾಗುವುದು ಕಡಿಮೆ, ಉರಿ ಇಲ್ಲ, ಗ್ಯಾಸಿನ ನೀರಾವಿ ಇಲ್ಲ. ತೊಂದರೆ ಅದು ಒಮ್ಮೆಗೆ ಎಳೆಯುವ ಕರೆಂಟಿನದು. 1200 ವ್ಯಾಟಿನಲ್ಲಿ ಇಟ್ಟರೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 115 ಆಂಪಿಯರ್ ಹರಿಯುತ್ತದೆ. ಅಷ್ಟಕ್ಕೆ ಬ್ಯಾಟರಿಯಿಂದ ಇನ್ವರ್ಟರ್‌ಗೆ 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಬೇಕು, ಅದೂ ಗಿಡ್ಡ ಇರಬೇಕು, ನಡುವೆ ಸರಿಯಾದ ಫ್ಯೂಸ್ ಬೇಕು. ತೆಳು ವೈರ್ ಹಾಕಿದರೆ ಬೆಂಕಿ ಹತ್ತುತ್ತದೆ. ಸೀಸದ ಬ್ಯಾಟರಿಗೆ ಇಷ್ಟು ಜೋರಿನ ಎಳೆತ ಸಹಿಸುವುದಿಲ್ಲ. ಇದ್ದ ಶಕ್ತಿಯೂ ಪೂರ್ತಿ ಸಿಗದೆ, ವೋಲ್ಟೇಜ್ ಬಿದ್ದು ಇನ್ವರ್ಟರ್ ಕೂಗಿಕೊಳ್ಳುತ್ತದೆ.

‘ಕಡಿಮೆ ಉರಿಯಲ್ಲಿ ಇಟ್ಟರೆ ಆಯಿತಲ್ಲ’ ಅನ್ನುವವರಿಗೆ ಒಂದು ಗುಟ್ಟು. ಕಡಿಮೆ ಬೆಲೆಯ ಹಲವು ಇಂಡಕ್ಷನ್ ಒಲೆಗಳು 300 ವ್ಯಾಟ್ ಅಂತ ತೋರಿಸಿದರೂ ನಿಜವಾಗಿ 300 ಎಳೆಯುವುದಿಲ್ಲ. ಕೆಲವು ಸೆಕೆಂಡು 1000ಕ್ಕೂ ಮೇಲೆ ಎಳೆದು, ಮತ್ತೆ ಕೆಲವು ಸೆಕೆಂಡು ಸುಮ್ನೆ ಇರುತ್ತವೆ. ಸರಾಸರಿ 300 ಬರುತ್ತದೆ. ಇನ್ವರ್ಟರ್‌ಗೆ ಮಾತ್ರ ಪ್ರತಿ ಸಲವೂ ಪೂರ್ತಿ ಹೊಡೆತ. ಲಿಥಿಯಂ ಬ್ಯಾಟರಿ 200 ಆಂಪಿಯರ್ ಅವರ್‌ಗಿಂತ ಹೆಚ್ಚಿದ್ದು, ದಿನವೂ ಗಾಡಿ ಓಡಿಸುವವರು, ಅಥವಾ ದಿನವೂ ಹೋಮ್‌ಸ್ಟೇ ಪ್ಲಗ್ ಸಿಗುವವರು ಮಾತ್ರ ಇಂಡಕ್ಷನ್ ಇಟ್ಟುಕೊಳ್ಳಲಿ. ಆಗಲೂ ಗ್ಯಾಸ್ ಜತೆಗಿರಲಿ.

ಕೆಟಲ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 1500 ವ್ಯಾಟಿನ ಕೆಟಲ್ 600 ವ್ಯಾಟಿನದಕ್ಕಿಂತ ಜಾಸ್ತಿ ಕರೆಂಟು ತಿನ್ನುತ್ತದೆ ಅಂತ. ಅಷ್ಟೇ ನೀರಿಗೆ ಎರಡೂ ಹೆಚ್ಚೂಕಡಿಮೆ ಅಷ್ಟೇ ತಿನ್ನುತ್ತವೆ, ದೊಡ್ಡದು ಬೇಗ ಮುಗಿಸುತ್ತದೆ ಅಷ್ಟೆ. ಆದರೂ ವ್ಯಾನಿಗೆ 600 ವ್ಯಾಟಿನ, ಅರ್ಧದಿಂದ ಮುಕ್ಕಾಲು ಲೀಟರಿನ ಕೆಟಲ್ಲೇ ಸರಿ. ಸಣ್ಣ ಇನ್ವರ್ಟರ್ ಅದನ್ನು ತಡೆಯುತ್ತದೆ. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ 12 ವೋಲ್ಟ್ ಕೆಟಲ್‌ಗಳು 150 ವ್ಯಾಟಿಗಿಂತ ಹೆಚ್ಚು ಕೊಡಲಾರವು. ಅರ್ಧ ಲೀಟರ್ ಕುದಿಯಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಓಡುವ ಗಾಡಿಯಲ್ಲಿ ಅದನ್ನು ಹಚ್ಚಬೇಡಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಕುದಿಯುವ ನೀರು ಅಲ್ಲಿ ಯಾರ ಕಾಲ ಮೇಲೆ ಬೀಳುತ್ತದೆ ಅಂತ ಹೇಳಲಾಗದು.

ಕಾಫಿಗೆ ಸ್ಟೀಲ್ ಫಿಲ್ಟರ್ ಇರಲಿ, ಅದಕ್ಕೆ ಕರೆಂಟೇ ಬೇಡ. ಫ್ರಿಜ್ ಇಲ್ಲದವರು ನಂದಿನಿ ಗುಡ್‌ಲೈಫ್ ಥರದ ಯುಎಚ್‌ಟಿ ಹಾಲು (ಜೋರು ಬಿಸಿಯಲ್ಲಿ ಕಾಯಿಸಿ ಪ್ಯಾಕ್ ಮಾಡಿದ್ದು) ಇಟ್ಟುಕೊಂಡರೆ ಪ್ಯಾಕ್ ತೆರೆಯುವವರೆಗೆ ಕೆಡುವ ಭಯವಿಲ್ಲ. ಬ್ರೆಡ್ಡಿಗೆ ಗ್ಯಾಸ್ ಮೇಲೆ ಇಡುವ ಕೈಹಿಡಿಯ ಟೋಸ್ಟರ್ ಸಾಕು. ಮೈಕ್ರೋವೇವ್ ಬೇಡ. 700 ವ್ಯಾಟ್ ಅಂತ ಬರೆದಿದ್ದರೆ ಅದು ಊಟಕ್ಕೆ ಸೇರುವ ಲೆಕ್ಕ, ಪ್ಲಗ್‌ನಿಂದ ಎಳೆಯುವುದು 1100ರ ಮೇಲೆ. ಏರ್ ಫ್ರೈಯರ್ ಒಂದು ಸಲ ಹಚ್ಚಿದರೆ 350 ವ್ಯಾಟ್ ಅವರ್ ಹೋಗುತ್ತದೆ. ಹಪ್ಪಳವನ್ನು ಕೆಂಡದಂಥ ಗ್ಯಾಸ್ ಉರಿಯ ಮೇಲೆ ಸುಟ್ಟುಕೊಳ್ಳಬಹುದು.

ಹೋಮ್‌ಸ್ಟೇ ಪ್ಲಗ್ ಸಿಕ್ಕಾಗ

ಮನೆಯ ಸಣ್ಣ ಮೂರು ಪಿನ್ನಿನ ಪ್ಲಗ್ 6 ಆಂಪಿಯರ್‌ನದು. 230 ವೋಲ್ಟ್‌ಗೆ ಅದು 1380 ವ್ಯಾಟ್. 1500 ವ್ಯಾಟಿನ ಕೆಟಲ್ ಒಂದೇ ಆದರೂ ಅದಕ್ಕೆ ಹೆಚ್ಚು. ದೊಡ್ಡ ಪಿನ್ನಿನ 16 ಆಂಪಿಯರ್ ಪ್ಲಗ್ ಕೇಳಿ ಪಡೆಯಿರಿ. ಎಕ್ಸ್‌ಟೆನ್ಷನ್ ವೈರ್ 2.5 ಚದರ ಮಿಲಿಮೀಟರಿನದಾಗಿರಲಿ. ರೀಲ್‌ಗೆ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಬಳಸಿ, ಸುತ್ತಿದ್ದಾಗ ಬಿಸಿ ಹೋಗಲು ದಾರಿಯಿಲ್ಲದೆ ಕರಗುತ್ತದೆ. ಒದ್ದೆ ಅಂಗಳ, ಬರಿಗಾಲು, ತಗಡಿನ ಗಾಡಿ ಮೂರೂ ಸೇರುವ ಜಾಗ ಇದು. ವ್ಯಾನಿನ ಒಳಗೆ ಕರೆಂಟು ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸುವುದಕ್ಕೆ ಲೋಭ ಮಾಡಬೇಡಿ, ಪ್ಲಗ್‌ನಲ್ಲಿ ಅರ್ತ್ ಇದೆಯಾ ಅಂತ ಸಾಕೆಟ್ ಟೆಸ್ಟರ್‌ನಿಂದ ನೋಡಿಕೊಳ್ಳಿ.

ತೋಟದ ಮನೆಗಳು ಲೈನಿನ ಕೊನೆಯಲ್ಲಿ ಇರುತ್ತವೆ. ಅಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ 1500 ವ್ಯಾಟಿನ ಕೆಟಲ್ 920 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ, ಯಾಕೆಂದರೆ ಬಿಸಿ ಮಾಡುವ ತಂತಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಕೆಟಲ್ ಹಾಳಾಗಿದೆ ಅಂತ ಗಾಬರಿ ಬೇಡ. ಮರ ಬಿದ್ದು ಕರೆಂಟು ಹೋಗುವುದು ಮಳೆಗಾಲದಲ್ಲಿ ಸಾಮಾನ್ಯ. ಕರೆಂಟು ಇರುವಾಗಲೇ ಬ್ಯಾಟರಿ ತುಂಬಿಸಿಕೊಳ್ಳಿ, ಫ್ಲಾಸ್ಕಿಗೆ ಬಿಸಿನೀರು ಹಾಕಿಟ್ಟುಕೊಳ್ಳಿ.

ಮಿಕ್ಸಿ, ಇಂಡಕ್ಷನ್ ಎರಡನ್ನೂ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪುಡಿಕೆ ಜತೆ ಇಡಿ. ತೇವಕ್ಕಿಂತ ಮೊದಲು ಇರುವೆ, ಜಿರಲೆ ಗಾಳಿಕಿಂಡಿಯಿಂದ ಒಳಗೆ ಹೋಗುತ್ತವೆ. ಭಾರದ ಸಾಮಾನು ಕೆಳಗೆ, ಗಾಜಿನ ಮೇಲ್ಮೈ ಇರುವುದನ್ನು ಬಟ್ಟೆ ಸುತ್ತಿ ನಿಲ್ಲಿಸಿ.

ಬ್ರ್ಯಾಂಡ್ ಯಾವುದು ಅಂತ ಕೇಳಿದರೆ, ಸಾಗರ, ತೀರ್ಥಹಳ್ಳಿ, ಹೊಸನಗರದ ಪಾತ್ರೆ ಅಂಗಡಿಯಲ್ಲಿ ಯಾವುದರ ಬಿಡಿಭಾಗ ಸಿಗುತ್ತದೋ ಅದು. ಆನ್‌ಲೈನಿನಲ್ಲಿ ಕೊಂಡ ಅಪರೂಪದ ಮಾದರಿಯ ರಬ್ಬರ್ ರಿಂಗ್ ಹರಿದರೆ ಕುಕ್ಕರ್ ಬರೀ ಪಾತ್ರೆ. ಹೊರಡುವ ಮೊದಲು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿ, ಕುಕ್ಕರಿನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಮಿಕ್ಸಿಯ ಕಪ್ಲರ್, ರೆಗ್ಯುಲೇಟರಿನ ವಾಷರ್, ಇನ್ವರ್ಟರ್‌ಗೆ ಹೊಂದುವ ಫ್ಯೂಸ್ ಒಂದೊಂದು ಜಾಸ್ತಿ ಕೊಂಡು ಮಿಕ್ಸಿ ಡಬ್ಬದಲ್ಲೇ ಹಾಕಿಡಿ.